ಅವ್ವನ ಮುಂದೆ ಮೂರು ಲೋಟ

ಸ್ಟೀಲ್ ಲೋಟವನ್ನು ಮಗುಚಿ ಮೇಜಿನ ಮೇಲೆ ಇಡುವ ಸದ್ದು ಕೇಳಿದರೆ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತುತ್ತೇನೆ. ಮೊನ್ನೆ ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಹಾಗೇ ಆಯಿತು. ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳನ್ನು ಕಾಯುತ್ತ ದಿನವಿಡೀ ನಿಂತು ಕಾಲು ಬಾತುಕೊಂಡಿತ್ತು. ಯಾರ ಜೊತೆಗೂ ಮಾತು ಬೇಡವೆನ್ನಿಸಿ ಮೂಲೆಯ ಮೇಜಿಗೆ ಹೋಗಿ ಕೂತಿದ್ದೆ. ಮೇಜು ಒರೆಸಲು ಬಂದವನು ತೊಳೆದ ಲೋಟಗಳನ್ನು ತಂದು ಒಂದರ ಪಕ್ಕ ಒಂದು ಮಗುಚಿಟ್ಟು ಹೋದ. ಒಳಗೆ ಒಂದು ಹಿಡಿ ಗಾಳಿ ಸಿಕ್ಕಿಕೊಂಡ, ತುಸು ಮಂಕಾದ ಸದ್ದು ಅದು. ಯಾವುದರ ಕೆಳಗೂ ಏನೂ ಇಲ್ಲವೆಂದು ನನಗೆ ಗೊತ್ತು. ಆದರೂ ಎತ್ತಿ ನೋಡಿದೆ. ಮೇಜಿನ ಮೇಲೆ ಒದ್ದೆಯ ಉಂಗುರಗಳು ಬಿಟ್ಟರೆ ಬೇರೇನೂ ಇರಲಿಲ್ಲ. ವಯಸ್ಸಾಗುತ್ತ ಬಂದಂತೆ ಹೊಸದೇನೂ ಬೆರಗು ಹುಟ್ಟಿಸುವುದಿಲ್ಲ, ಸುಸ್ತು ಮಾಡುತ್ತದೆ ಅಷ್ಟೇ. ಹಳೆಯದು ಮಾತ್ರ ಹೀಗೆ ಹೇಳದೆ ಕೇಳದೆ ಬಂದು ಎದುರಿಗೆ ಕೂರುತ್ತದೆ. ನಿಮಗೂ ಇಂಥದೊಂದು ಸದ್ದು ಇದ್ದೀತು. ಇದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಗೋಣಿಬೀಡಿನಿಂದ ಸ್ವಲ್ಪ ಒಳಗೆ, ಜೀಪು ಮಾತ್ರ ಹೋಗುವಂಥ ದಾರಿಯ ಕೊನೆಗೆ ನಮ್ಮ ಮನೆಯಿತ್ತು. ದೊಡ್ಡ ಎಸ್ಟೇಟೇನಲ್ಲ. ಮನೆಯವರೇ ನಿಂತು ನೋಡಿಕೊಳ್ಳುವಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು. ಮನೆಗಿಂತ ಮನೆಯ ಮುಂದಿನ ಕಣವೇ ದೊಡ್ಡದು. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತಿತ್ತು. ಒಂದು ಕಡೆ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟು, ಇನ್ನೊಂದು ಕಡೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುವ ಚೆರ್ರಿ. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಅದರ ವಾಸನೆ ಬಟ್ಟೆಗೆ, ಹಾಸಿಗೆಗೆ, ಶಾಲೆಯ ಪುಸ್ತಕಕ್ಕೆ ಹತ್ತಿಕೊಂಡು ಬೇಸಿಗೆ ಮುಗಿಯುವ ತನಕ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ. ಅಜ್ಜ ತೀರಿಕೊಂಡಾಗ ಚಿಕ್ಕಪ್ಪ ಇನ್ನೂ ತೊಟ್ಟಿಲಲ್ಲಿದ್ದ. ತನ್ನ ಅಪ್ಪನ ಮುಖವೇ ಅವನಿಗೆ ಗೊತ್ತಿರಲಿಲ್ಲ. ಅಜ್ಜನ ವಿಷಯ ಯಾರಾದರೂ ಎತ್ತಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು, ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ಈಗ ಆ ಮನೆ ನಮ್ಮದಲ್ಲ. ಪಾಲಾಗಿ, ಮಾರಾಟವಾಗಿ, ಹೋಮ್‌ಸ್ಟೇ ಆಗಿದೆ. ಕಣದ ಮೇಲೆ ಕಾರು ನಿಲ್ಲಿಸುತ್ತಾರೆ. ದೂರು ಹೇಳುತ್ತಿಲ್ಲ, ಮಾರಿದವರು ನಾವೇ. ಆ ದಾರಿ ಕವಲೊಡೆಯುವ ಜಾಗ ಬಂದಾಗ ಬಸ್ಸಿನಲ್ಲಿ ನಾನು ಇನ್ನೊಂದು ಕಡೆಯ ಕಿಟಕಿ ನೋಡುತ್ತೇನೆ.

ಚಿಕ್ಕಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ, ನಡುವೆ ಮೇಸ್ತ್ರಿಯ ಜೊತೆ ಜಗಳ. ಅವನ ಬಗ್ಗೆ ಅಜ್ಜಿಯ ಬಾಯಲ್ಲಿ ಕೆಟ್ಟ ಮಾತು ಬಂದದ್ದಿಲ್ಲ, ಒಳ್ಳೆಯ ಮಾತೂ ಬಂದದ್ದಿಲ್ಲ. ಬಂದ ನೆಂಟರು ಕೇಳಿದರೆ "ಅವ್ನಾ? ಇದಾನೆ" ಎನ್ನುವಳು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಯಾವುದೋ ವಾರಪತ್ರಿಕೆಯ ಜಾಹೀರಾತು ನೋಡಿ ಚಿಕ್ಕಪ್ಪ ಅಂಚೆಯಲ್ಲಿ ಒಂದು ಮ್ಯಾಜಿಕ್ ಪೆಟ್ಟಿಗೆ ತರಿಸಿಕೊಂಡ. ಅದರಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಮೂರು ಲೋಟ, ಸ್ಪಂಜಿನ ಪುಟ್ಟ ಚೆಂಡುಗಳು, ಕಪ್ಪು ಬಣ್ಣದ ಒಂದು ಕೋಲು ಇದ್ದವು. ಒಂದು ಲೋಟದ ಕೆಳಗಿಟ್ಟ ಚೆಂಡು ಮಾಯವಾಗಿ ಇನ್ನೊಂದರ ಕೆಳಗೆ ಬರುವ ಆಟ. ಒಂದು ಭಾನುವಾರ ನಮ್ಮನ್ನೆಲ್ಲ ಜಗುಲಿಯಲ್ಲಿ ಕೂರಿಸಿ ಮಾಡಿ ತೋರಿಸಿದ. ನಾನು ಬಾಯಿ ತೆರೆದುಕೊಂಡು ನೋಡಿದೆ. ಅಪ್ಪ ಕೂಡ ಪೇಪರ್ ಮಡಿಸಿಟ್ಟ. ಅಜ್ಜಿ ಗೋಡೆಗೊರಗಿ ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದಳು. ಕರಿ ಬೀಜವಾಗಲಿ, ಒಡಕು ಬೀಜವಾಗಲಿ, ಕಲ್ಲಾಗಲಿ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಒಂದು ಸಲ ಮಾತ್ರ ತಲೆಯೆತ್ತಿ, ಮತ್ತೆ ಮೊರದ ಕಡೆ ನೋಡುತ್ತ ಹೇಳಿದಳು: "ಎಡಗೈಲಿ ಅದೆ ಬಿಡೋ."

ಎಡಗೈಯಲ್ಲೇ ಇತ್ತು. ಅವತ್ತಿನಿಂದ ಚಿಕ್ಕಪ್ಪನಿಗೆ ಒಂದೇ ಆಸೆ. ಊರೆಲ್ಲ ಚಪ್ಪಾಳೆ ತಟ್ಟಲಿ ಬಿಡಲಿ, ಅವ್ವ ಒಂದು ಸಲ ಮೊರ ಕೆಳಗಿಟ್ಟು "ಹೆಂಗೋ ಅದು?" ಎಂದು ಕೇಳಬೇಕು. ಇದನ್ನು ಅವನು ಮನೆಯಲ್ಲಿ ಬೇರೆ ಯಾರ ಹತ್ತಿರವೂ ಹೇಳಿರಲಿಲ್ಲ, ನನ್ನ ಹತ್ತಿರ ಹೇಳಿದ್ದ. ಕೇಳಿದಾಗ ಏನು ಉತ್ತರ ಕೊಡಬೇಕೆಂಬುದೂ ಅವನಲ್ಲಿ ಸಿದ್ಧವಿತ್ತು. ಸ್ವಲ್ಪ ನಕ್ಕು, "ಅದ್ನೆಲ್ಲ ಹೇಳಂಗಿಲ್ಲ ಅವ್ವ" ಅನ್ನುವುದು. ಒಬ್ಬನೇ ಇದ್ದಾಗ ಆ ನಗುವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನೋ ಏನೋ, ನನಗೆ ತೋರಿಸುವಾಗ ಅದು ಬಹಳ ಚೆನ್ನಾಗಿ ಬರುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಅವನು ಹೊಸ ಆಟ ಕಲಿತದ್ದು ಕಡಿಮೆ. ಅದೇ ಮೂರು ಲೋಟದ ಆಟವನ್ನೇ ಉಜ್ಜಿದ. ಅಜ್ಜಿ ಬೀಜ ಆರಿಸುತ್ತಲೇ ಒಂದೊಂದು ಮಾತು ಎಸೆಯುವಳು, ಅವನು ಅದನ್ನು ಹೆಕ್ಕಿಕೊಂಡು ಹೋಗಿ ಒಂದೊಂದು ಸಣ್ಣ ಬದಲಾವಣೆ ಮಾಡಿಕೊಂಡು ಬರುವನು. "ಆ ಕೆಂಪು ಲೋಟದಾಗೇ ಏನೋ ಅದೆ, ಇಲ್ದಿದ್ರೆ ಅಷ್ಟು ದೂರದಿಂದ ಯಾಕೆ ತರಿಸ್ತಿದ್ದೆ" ಅಂದಳು. ನಿಜಕ್ಕೂ ಆ ಲೋಟಗಳಲ್ಲಿ ಏನೂ ಇರಲಿಲ್ಲ, ಆದರೆ ನೋಡುವವರಿಗೆ ಹಾಗನ್ನಿಸಿದರೆ ಮುಗಿಯಿತಲ್ಲ. ಅಡುಗೆಮನೆಯ ಸ್ಟೀಲ್ ಲೋಟಗಳು ಬಂದವು. ನೆಂಟರು ಕಾಫಿ ಕುಡಿದು ಕೆಳಗಿಟ್ಟ ಲೋಟವನ್ನೇ ತೊಳೆಸಿ, ಅವರ ಕಣ್ಣೆದುರೇ ಮಗುಚಿ ಆಟ ಶುರು ಮಾಡಿದರೆ ಅವರಿಗೆ ಎಲ್ಲಿಲ್ಲದ ಆಶ್ಚರ್ಯ. ಕೈಚಳಕ ಮೊದಲಿನದೇ. ಸ್ಪಂಜಿನ ಚೆಂಡಿನ ಬದಲು ಹಣ್ಣು ಕಾಫಿ ಹಿಡಿದು ನೋಡಿದ. ಅಂಗೈಯಲ್ಲಿ ಅಡಗಿಸಿಕೊಂಡದ್ದು ಹಿಸುಕಿ ಹೋಗಿ ಬೆರಳ ಸಂದಿಯಿಂದ ಕೆಂಪು ರಸ ಮೊಣಕೈ ತನಕ ಇಳಿಯಿತು. ಅಜ್ಜಿ ಅದಕ್ಕೆ ಮಾತು ಕೂಡ ಖರ್ಚು ಮಾಡಲಿಲ್ಲ. ಆಮೇಲೆ ಕಣದಲ್ಲಿ ಚೆನ್ನಾಗಿ ಒಣಗಿದ ಚೆರ್ರಿಯೇ ಖಾಯಂ ಆಯಿತು.

ಚಿಕ್ಕಪ್ಪ ಮೊದಮೊದಲು "ನೋಡಿ, ನನ್ನ ಕೈ ಖಾಲಿ ಇದೆ" ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ. "ಖಾಲಿ ಅದೆ ಅಂತ ಯಾಕೆ ಹೇಳ್ತೀಯ? ನಾವು ಕೇಳಿದ್ವಾ?" ಎಂದಳು ಅಜ್ಜಿ. ಅವನು ಆ ಮಾತನ್ನು ಬಿಟ್ಟ. ಬಿಟ್ಟ ಮೇಲೆ ಯಾರೂ ಅವನ ಕೈಯನ್ನು ಅನುಮಾನದಿಂದ ನೋಡುವುದೂ ನಿಂತುಹೋಯಿತು. ಇನ್ನೊಂದು ಸಲ, "ಅದೇನೋ ಅಷ್ಟು ಅರ್ಜೆಂಟು, ಬಸ್ಸು ಹೊರಡ್ತದಾ?" ಅಂದಳು. ಆಗಬೇಕಾದದ್ದು ಆಗಿಹೋದ ಮೇಲೆ ಲೋಟ ಎತ್ತುವ ಮೊದಲು ಸ್ವಲ್ಪ ಹೊತ್ತು ಬಿಡುವುದನ್ನು ಅವನು ಆಮೇಲೆ ಕಲಿತ. ನಡುವೆ ತನ್ನ ಕಾಫಿ ಒಂದು ಗುಟುಕು ಕುಡಿಯುವನು, ಮಳೆ ಬಂತಾ ಎಂದು ಯಾರನ್ನೋ ಕೇಳುವನು. ಅಷ್ಟರಲ್ಲಿ ಜನಕ್ಕೆ ಅವನ ಕೈ ಎಲ್ಲೆಲ್ಲಿ ಹೋಗಿತ್ತೆಂಬುದೇ ಮರೆತಿರುತ್ತಿತ್ತು. ಕೊನೆಗೆ ಲೋಟವನ್ನು ತಾನು ಎತ್ತುವುದನ್ನೂ ಬಿಟ್ಟು ನೋಡುವವರ ಕೈಯಲ್ಲೇ ಎತ್ತಿಸತೊಡಗಿದ. ಶಾಲೆಯ ವಾರ್ಷಿಕೋತ್ಸವಕ್ಕೆ, ಮದುವೆಮನೆಗೆ ಅವನನ್ನು ಕರೆಯತೊಡಗಿದರು. ಅತ್ತಿಗುಂಡಿಯ ಒಂದು ಎಸ್ಟೇಟಿಗೂ ಜೀಪು ಕಳಿಸಿ ಕರೆಸಿಕೊಂಡಿದ್ದುಂಟು. ಎಲ್ಲಿಂದ ಬಂದರೂ ಅವನು ಮೊದಲು ಜಗುಲಿಯ ಕಡೆ ನೋಡುತ್ತಿದ್ದ. ಅಜ್ಜಿ ಮೊರದಿಂದ ತಲೆಯೆತ್ತದೆ "ಉಂಡ್ಯಾ?" ಎನ್ನುತ್ತಿದ್ದಳು.

ಕೊಯ್ಲು ಮುಗಿದ ದಿನ ಹಣ್ಣು ಕೊಯ್ದ ಎಲ್ಲರಿಗೂ ಕಣದಲ್ಲಿ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ಕಡುಬು, ಕೋಳಿ ಸಾರು, ಪಾಯಸ. ಊಟವಾದ ಮೇಲೆ ಚಿಕ್ಕಪ್ಪನ ಆಟ. ಅವರು ಪ್ರತಿ ವರ್ಷ ಅದನ್ನೇ ನೋಡುತ್ತಿದ್ದರು, ಆದರೂ ಅಜ್ಜಿ ಏನು ಹೇಳುತ್ತಾಳೆಂದು ಕೇಳಲು ಕಾಯುತ್ತಿದ್ದರು. ನಾನು ಹೈಸ್ಕೂಲು ಮುಗಿಸುವ ವರ್ಷದ ಊಟದಲ್ಲಿ ಚಿಕ್ಕಪ್ಪ ಆಟವೆಲ್ಲ ಮುಗಿಸಿ ಅಜ್ಜಿಯ ಕಡೆ ತಿರುಗಿ "ಎಲ್ಲದೆ ಹೇಳವ್ವ" ಎಂದ. ಅಜ್ಜಿ "ಗೊತ್ತಾಗ್ನಿಲ್ಲ ಮಾರಾಯ" ಎಂದಳು. ಕಣದಲ್ಲಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ನನಗೂ ಕುಣಿಯುವಷ್ಟು ಖುಷಿ. ಚಿಕ್ಕಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ನೀನೇ ಎತ್ತಿ ನೋಡವ್ವ" ಎಂದು ಮೇಜನ್ನು ಅವಳ ಹತ್ತಿರ ಸರಿಸಿದ. ಅಜ್ಜಿ ಕೈ ಚಾಚಿದಳು. ಆ ಕೈ ಲೋಟದಿಂದ ಒಂದು ಗೇಣು ಆಚೆ, ಬರಿ ಮೇಜಿನ ಮೇಲೆ ಹೋಗಿ ಕೂತಿತು. ಅಲ್ಲೇ ಬೆರಳಿನಿಂದ ತಡಕಿತು. ಚಪ್ಪಾಳೆ ಇನ್ನೂ ನಡೆದಿತ್ತು, ಬೇರೆಯವರು ಗಮನಿಸಲಿಲ್ಲ. ಚಿಕ್ಕಪ್ಪ ಗಮನಿಸಿದ. ಬಗ್ಗಿ ಲೋಟವನ್ನು ಅವಳ ಕೈಯ ಕೆಳಗೆ ತಂದಿಟ್ಟ. ಆಮೇಲೆ ಅವನು ಲೋಟಗಳನ್ನು ಒಂದರೊಳಗೊಂದು ಹಾಕಿಕೊಂಡು ಅಡುಗೆಮನೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ತುಂಬ ತಡವಾಯಿತೆಂದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಬಿಟ್ಟಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಎಂದರು. ಅಜ್ಜಿಗೆ ಇದು ಮೊದಲೇ ಗೊತ್ತಿತ್ತು. ಬೀಜವನ್ನು ಅವಳು ಯಾವಾಗಿನಿಂದಲೋ ಬೆರಳಲ್ಲೇ ಆರಿಸುತ್ತಿದ್ದಳು. ಕರಿ ಬೀಜ ಹಗುರ, ಒಡಕು ಬೀಜದ ಅಂಚು ಚುಚ್ಚುತ್ತದೆ, ಕಲ್ಲು ತಣ್ಣಗಿರುತ್ತದೆ. ಮೊರದಲ್ಲಿ ತಪ್ಪಿಲ್ಲದ್ದರಿಂದ ನಾವು ಯಾರೂ ಅವಳ ಮುಖ ನೋಡಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಒಂದೇ ಒಂದು ಮಾತಾಡಿದ. "ಕಾಣದ ಕಣ್ಣಿಗೆ ಮಣ್ಣೆರಚಿ ಖುಷಿಪಟ್ಟೆ ನೋಡು ಪುಟ್ಟಿ" ಎಂದ.  

ಮನೆಯಲ್ಲಿ ಆಟ ನಿಂತಿತು. ನಿಲ್ಲಿಸಿದ್ದನ್ನು ಸಹಿಸದವಳು ಅಜ್ಜಿಯೇ. "ಯಾಕೋ, ನನ್ ಕಣ್ಣು ಹೋದ್ರೆ ನಿನ್ ಕೈನೂ ಹೋಯ್ತಾ?" ಎಂದು ಒಂದು ಸಂಜೆ ಕೇಳಿದಳು. ಆಗ ಅವನು ಅವಳಿಗೋಸ್ಕರ ಆಟವನ್ನು ಬೇರೆ ಥರ ಕಟ್ಟಲು ಕೂತ. ಕಾಣದವರಿಗೆ ಆಟ ಕಿವಿಯಲ್ಲಿ, ಕೈಯಲ್ಲಿ ಆಗಬೇಕು. ಕಣ್ಣಿದ್ದಾಗ ಹಿಡಿಯುತ್ತಿದ್ದ ಹಾಗೆಯೇ ಈಗಲೂ ಮೋಸ ಹಿಡಿಯಲು ಅವಳಿಗೆ ದಾರಿ ಬಿಡಲೇಬೇಕು, ಇಲ್ಲದಿದ್ದರೆ ಅದು ಆಟವಲ್ಲ ಎಂದು ಹಟ ಹಿಡಿದಿದ್ದ. ಲೋಟಕ್ಕೆ ಬೀಜ ಬೀಳಿಸಿ ಸದ್ದು ಕೇಳಿಸುವುದು, ಮಗುಚುವುದು, ಎತ್ತಿದರೆ ಏನೂ ಇಲ್ಲ. ಅಜ್ಜಿ "ಬಿದ್ದಿದ್ದು ಲೋಟದಾಗಲ್ಲ, ಲೋಟದ ಅಂಚಿಗೆ ಬಡಿದು ನಿನ್ ಕೈಗೆ" ಎಂದಳು. ಇನ್ನೊಂದು ಆಟವನ್ನು ಅವನು ತಾನೇ ಯೋಚಿಸಿದ್ದ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಒಂದೊಂದಕ್ಕೂ ಒಂದು ಮಗ್ಗುಲು ಚಪ್ಪಟೆ. ಅಪರೂಪಕ್ಕೆ ಒಂದೇ ಗುಂಡು ಬೀಜ ಇರುತ್ತದೆ, ಅದನ್ನು ಪೀಬೆರಿ ಎನ್ನುತ್ತೇವೆ. ಎರಡು ಚಪ್ಪಟೆ ಬೀಜವನ್ನು ಎದುರುಬದುರು ಒತ್ತಿ ಹಿಡಿದರೆ ಒಂದು ಪೀಬೆರಿಯಂತೆಯೇ ಗುಂಡಗಿರುತ್ತದೆ. ಹಾಗೆ ಹಿಡಿದು ಅವಳ ಅಂಗೈಯಲ್ಲಿಟ್ಟು, ಒಂದು ಪೀಬೆರಿ ಕೊಟ್ಟಿದ್ದೇನೆ ಎಂದು ಮುಷ್ಟಿ ಕಟ್ಟಿಸುವುದು. ಬಿಚ್ಚಿದಾಗ ಎರಡು. ಜೀವಮಾನವೆಲ್ಲ ಕಾಫಿ ಬೀಜ ಆರಿಸಿದವಳ ಕೈಗೆ ಇದನ್ನು ಕೊಡಲು ಹೋದನಲ್ಲ! ಮುಷ್ಟಿ ಮುಚ್ಚುವ ಮೊದಲೇ ಅಜ್ಜಿ ಹೇಳಿದಳು: "ಪೀಬೆರಿ ಇಷ್ಟು ದಪ್ಪ ಇರ್ತದೇನೋ? ಜೋಡಿ ಬೀಜ ಇದು."

ನಾನು ನಕ್ಕೆ, ಅಮ್ಮನೂ ನಕ್ಕಳು, ಅವನೂ ನಕ್ಕ. ಆದರೆ ಆಟ ಬಿಡಲಿಲ್ಲ. ಕಣ್ಣಿದ್ದವರ ಗಮನವನ್ನು ಬೇರೆ ಕಡೆ ನೋಡಿಸಿ ತಪ್ಪಿಸಬಹುದು, ಅವ್ವನ ಗಮನ ಪೂರ್ತಿ ಬೆರಳಲ್ಲಿ ಕೂತಿದೆ, ಅದನ್ನು ಅಲ್ಲಿಂದ ಎಬ್ಬಿಸುವುದು ಹೇಗೆ ಎಂದು ನನ್ನ ಹತ್ತಿರ ಹೇಳುತ್ತಿದ್ದ. ಬೀಜ ಬದಲಾಯಿಸುವುದು ಬೇಡ, ಕೈ ಬದಲಾಯಿಸುವುದು ಬೇಡ, ಕೊಡುವಾಗ ಏನು ಮಾತಾಡುತ್ತೇನೆ ಅನ್ನುವುದಷ್ಟನ್ನೇ ಬದಲಾಯಿಸಿದರೆ ಸಾಕು ಅಂದ. "ಅವಳಿಗೆ ಏನಾದ್ರೂ ಕೇಳ್ಬೇಕು ಪುಟ್ಟಿ. ಉತ್ತರ ಹೇಳಕ್ಕೆ ಒಂದ್ ನಿಮಿಷ ಹಿಡಿಯಂಥದ್ದು."

ಮಾರ್ಚಿನ ಒಂದು ಸಂಜೆ. ಮೊದಲ ಮಳೆ ಬಿದ್ದು ತೋಟವೆಲ್ಲ ಹೂವಾಗಿತ್ತು, ಆ ಘಮಕ್ಕೆ ತಲೆ ಭಾರವಾಗುವಷ್ಟು. ಅಜ್ಜಿ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಚಿಕ್ಕಪ್ಪ ಹತ್ತಿರ ಕೂತು ಅವಳ ಕೈ ಎಳೆದುಕೊಂಡು, ಒಂದು ಪೀಬೆರಿ ಅಂತ ಜೋಡಿ ಬೀಜ ಇಡುತ್ತ ಇಡುತ್ತ ಕೇಳಿದ: "ಅವ್ವ, ನೀನು ಮದುವೆಯಾಗಿ ಕಳಸದ ಕಡೆಯಿಂದ ಇಲ್ಲಿಗೆ ಯಾವ ದಾರೀಲಿ ಬಂದೆ?" ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ಯಾವ ದಾರಿ ಅಂತ ಹೇಳದು" ಎಂದು ಶುರು ಮಾಡಿದಳು. "ಭದ್ರೆ ತನಕ ನಡ್ಕಂಡು. ಆಮೇಲೆ ದೋಣಿ. ನಮ್ಮಣ್ಣ ಹಿತ್ತಾಳೆ ಕೊಡ ತಬ್ಕಂಡು ಮುಂದೆ ಕೂತಿದ್ದ. ನಂಗೆ ನೀರು ಅಂದ್ರೆ ಹೆದ್ರಿಕೆ, ಕಣ್ಣು ಮುಚ್ಕಂಡು ಕೂತೆ." ಮುಷ್ಟಿ ಕಟ್ಟಿದ ಕೈಯಿಂದಲೇ ದೋಣಿ ಹೇಗೆ ವಾಲಿತೆಂದು ತೋರಿಸಿದಳು. ಒಂದು ನಿಮಿಷ ಎಂದಿದ್ದು ಎಲ್ಲೋ ಹೋಯಿತು. ದೋಣಿಯವನ ಬೈಗುಳ, ಒದ್ದೆಯಾದ ಸೀರೆಯ ಅಂಚು, ದಡದಲ್ಲಿ ಕಾದಿದ್ದ ಎತ್ತಿನ ಗಾಡಿಯ ಗಾಲಿ ಮುರಿದದ್ದು, ಮತ್ತೆ ನಡೆದದ್ದು. ಇಷ್ಟು ಮಾತು ಅವಳೊಳಗಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಬಾಗಿಲಿಗೆ ಬಂದು ನಿಂತವನು ಅಲ್ಲೇ ನಿಂತ.

"ನಿಮ್ಮಪ್ಪ ದಾರಿ ಉದ್ದಕ್ಕೂ ಮಾತಿಲ್ಲ. ಗಾಡಿ ಮುರಿದ್ ಮೇಲೆ ಹಿಂದಿಂದ ಬಂದು 'ಕಾಲು ನೋಯ್ತದಾ' ಅಂದ್ರು. ಅಷ್ಟೇ. ಮನೆ ಮುಟ್ಟೋ ತನಕ ಮತ್ತೆ ಸುದ್ದಿ ಇಲ್ಲ." ಅಜ್ಜಿ ಸ್ವಲ್ಪ ನಕ್ಕಳು. "ಒಳ್ಳೆ ದನಿ ಅವ್ರದ್ದು. ನಿಂಗೆ ಅದೇ ದನಿ ಬಂದದೆ. ಕಣ್ಣಿದ್ದಾಗ ನಂಗದು ಗೊತ್ತಾಗಿರ್ಲಿಲ್ಲ. ಈಗ ನೀನು ಹೊರಗಿಂದ ಬಂದು ಕರೆದ್ರೆ ಒಂದೊಂದ್ಸಲ ಅವ್ರೇ ಬಂದ್ರು ಅನ್ಸ್ತದೆ."

 ಅಪ್ಪನ ಮುಖ ಕಾಣದವನಿಗೆ ಅಪ್ಪನ ದನಿ ತನ್ನ ಗಂಟಲಲ್ಲೇ ಇದೆಯೆಂದು ಅಷ್ಟು ವಯಸ್ಸಾದ ಮೇಲೆ ತಿಳಿದರೆ ಅವನು ಏನು ಮಾಡಬೇಕು? ಚಿಕ್ಕಪ್ಪ ಬಾಯಿ ತೆರೆಯಲೂ ಹೆದರಿದವನ ಹಾಗೆ ಕೂತಿದ್ದ. ಅಮ್ಮ ಕಾಫಿ ತಂದು "ತಗಳಿ ಅತ್ತೆ" ಎಂದಳು. ಲೋಟ ಹಿಡಿಯಲು ಅಜ್ಜಿ ಮುಷ್ಟಿ ಬಿಚ್ಚಿದಳು. ಬೀಜ ಮಡಿಲಿಗೆ ಬಿದ್ದವು. ಬಿದ್ದದ್ದನ್ನು ಬೆರಳಿನಿಂದ ಹುಡುಕಿದಳು. ಒಂದು ಸಿಕ್ಕಿತು, ಆಮೇಲೆ ಇನ್ನೊಂದು. ಕಾಫಿಯ ಕಡೆಗೆ ಚಾಚಿದ ಕೈ ಹಿಂದಕ್ಕೆ ಬಂತು. "ಎರಡಾಗ್ಯದಲ್ಲೋ" ಎಂದಳು. ಅವಳ ಮುಖದಲ್ಲಿ ಅಂಥ ಬೆರಗನ್ನು ನಾನು ಅದಕ್ಕೆ ಮೊದಲು ಕಂಡದ್ದಿಲ್ಲ. "ಹೆಂಗೋ ಇದು?"

ಹಿಂದೊಮ್ಮೆ ಮುಷ್ಟಿ ಮುಚ್ಚುವ ಮೊದಲೇ ತಾನೇ ಹಿಡಿದಿದ್ದ ಆಟ ಅದು. ನೆನಪಿದ್ದೂ ಕೇಳಿದಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ, ಅವಳು ಸುಳ್ಳೇ ಖುಷಿಪಡಿಸುವ ಪೈಕಿ ಅಲ್ಲ. ಚಿಕ್ಕಪ್ಪ ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ಅವನ ಸಿದ್ಧ ಉತ್ತರವಾಗಲಿ, ಆ ನಗುವಾಗಲಿ ಹತ್ತಿರವೂ ಸುಳಿಯಲಿಲ್ಲ. "ಗೊತ್ತಿಲ್ಲ ಅವ್ವ" ಎಂದ. ಅದು ನಿಜವೇ ಇರಬೇಕು. ತಾನು ಆಟ ಶುರು ಮಾಡಿದ್ದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು.

ಆ ಮಳೆಗಾಲ ಮುಗಿಯುವ ಮೊದಲು ಅಜ್ಜಿ ಹೋದಳು. ಲೋಟಗಳು ಅಡುಗೆಮನೆಗೆ ವಾಪಸಾಗಿ ಬೇರೆ ಲೋಟಗಳ ಜೊತೆ ಬೆರೆತುಹೋದವು. ಚಿಕ್ಕಪ್ಪನನ್ನು ಕರೆಯಲು ಬಂದವರಿಗೆ ಕೈ ಮೊದಲಿನ ಹಾಗೆ ಆಡುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದ. ನಾವು ಒಬ್ಬೊಬ್ಬರಾಗಿ ಆ ಮನೆಯಿಂದ ಹೊರಟೆವು. ಈಗ ಅವನು ಚಿಕ್ಕಮಗಳೂರಿನ ಒಂದು ಬಾಡಿಗೆ ಮನೆಯಲ್ಲಿದ್ದಾನೆ. ಮೂಡಿಗೆರೆಯ ಹೋಟೆಲಿನಿಂದ ಎದ್ದವಳು ನಾನು ಊರಿಗೆ ಹೋಗುವ ಬಸ್ಸು ಬಿಟ್ಟು ಅವನ ಮನೆಗೆ ಹೋದೆ. ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದ.  ಹೊರಡುವ ಮುಂಚೆ ಕೇಳಿದೆ, ಆ ಬೀಜದ ಆಟ ನನ್ನ ಕೈಯಲ್ಲೊಂದು ಸಲ ಮಾಡಿ ತೋರಿಸು ಚಿಕ್ಕಪ್ಪ ಎಂದು.

ಅವನು ನನ್ನ ಅಂಗೈಯನ್ನು ತೆಗೆದುಕೊಂಡ. ಕೊಡಲು ಬೀಜವಿಲ್ಲ, ಆದರೂ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು ಬಿಟ್ಟ.

"ಬರಲ್ಲ ಪುಟ್ಟಿ" ಎಂದ. "ಅದಕ್ಕೆ ಅವ್ವ ಮಾತಾಡ್ತಾ ಇರ್ಬೇಕು."